ಓದುವ ಮೊದಲೇ ಹೆದರಿಸಬೇಕೆ?

ಈ ಸಂಚಿಕೆಯ ಕತೆಯೊಂದರಲ್ಲಿ ಅತ್ಯಾಚಾರದ ಪ್ರಸಂಗವಿದೆ. ‘ಮನಸ್ಸಿಗೆ ಘಾಸಿಯಾದೀತು’ ಎಂಬ ಸೂಚನೆಯನ್ನು ಕತೆಯ ಮೇಲೆ ಅಚ್ಚು ಹಾಕಿ ಎಂದು ಕೆಲವು ಗೆಳೆಯರು ಒತ್ತಾಯಿಸಿದರು. ಟ್ರಿಗರ್ ವಾರ್ನಿಂಗ್ ಎಂಬ ಹೆಸರಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಕದಡಿದ ಸೂಚನೆ ಇದು. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ವಿದ್ಯಾರ್ಥಿಗಳು ಇದು ಬೇಕೆಂದು ನಿರ್ಣಯ ಮಾಡಿದರು. 2016ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಹೊಸದಾಗಿ ಸೇರಿದವರಿಗೆ ಪತ್ರ ಬರೆದು, ಇದಕ್ಕೆ ನಮ್ಮ ಬೆಂಬಲವಿಲ್ಲ ಎಂದಿತು.

ಆಗ ಎರಡೂ ಕಡೆಯವರ ಕೈಯಲ್ಲಿದ್ದದ್ದು ಬರೀ ಊಹೆ. ಪರೀಕ್ಷಿಸಿ ನೋಡುವ ಕೆಲಸ ಆಮೇಲೆ ಶುರುವಾಯಿತು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಮೆಕ್‌ನ್ಯಾಲಿ ಮತ್ತು ಸಂಗಡಿಗರು, ಬದುಕಿನಲ್ಲಿ ನಿಜವಾಗಿಯೂ ಆಘಾತ ಉಂಡ 451 ಮಂದಿಗೆ ಸಾಹಿತ್ಯದ ತುಣುಕುಗಳನ್ನು ಓದಲು ಕೊಟ್ಟರು; ಕೆಲವರಿಗೆ ಸೂಚನೆ ಸಹಿತ, ಕೆಲವರಿಗೆ ಇಲ್ಲದೆ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೂಚನೆಯಿಂದ ಓದುಗರ ಕಳವಳ ಇಳಿದಂತೆ ಕಾಣಲಿಲ್ಲ. ಬದಲಿಗೆ, ತನಗಾದ ಆಘಾತವೇ ತನ್ನ ಗುರುತು ಎಂಬ ಭಾವ ತುಸು ಗಟ್ಟಿಯಾದಂತೆ ಕಂಡಿತು. ನನ್ನನ್ನು ಹೆಚ್ಚು ಕಾಡಿದ್ದು ಈ ಮಾತು. 2023ರಲ್ಲಿ 12 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಅಷ್ಟೇ: ಸೂಚನೆ ಕಂಡವರಿಗೆ ಓದುವ ಮೊದಲೇ ದಿಗಿಲು ಹೆಚ್ಚುತ್ತದೆ, ಓದಿದ ಮೇಲಿನ ಸಂಕಟ ಕಡಿಮೆಯಾಗುವುದಿಲ್ಲ, ಓದದೆ ಬಿಡುವವರೂ ಹೆಚ್ಚುವುದಿಲ್ಲ.

ಹಾಗೆಂದು ‘ಎದುರಿಸಿದರೆ ತಾನೇ ವಾಸಿಯಾಗುತ್ತದೆ’ ಎಂದು ಎದೆ ತಟ್ಟುವವರ ಜೊತೆಗೂ ನಾನಿಲ್ಲ. ಭಯವನ್ನು ಎದುರಿಸಿ ಗುಣವಾಗುವ ಚಿಕಿತ್ಸೆ ಇದೆ, ನಿಜ. ಅದು ನುರಿತವರ ಜೊತೆ ಕೂತು, ಹಂತ ಹಂತವಾಗಿ, ರೋಗಿ ಒಪ್ಪಿ ನಡೆಯುವಂಥದ್ದು. ತರಗತಿಯ ಮೇಷ್ಟರಾಗಲಿ ಮಾಸಪತ್ರಿಕೆಯಾಗಲಿ ಆ ವೈದ್ಯ ಮಾಡಲು ಹೊರಡಬಾರದು.

ಅಂಜದೆ ಮಾತಾಡಬಹುದಾದ ಜಾಗ ಎಂಬರ್ಥದ ‘ಸೇಫ್ ಸ್ಪೇಸ್’ ಅನ್ನೂ ಇದೇ ಗಂಟಿಗೆ ಕಟ್ಟಿ ಗೇಲಿ ಮಾಡುವುದು ರೂಢಿಯಾಗಿದೆ. ನನಗದು ಸರಿಕಾಣದು. ಸಲಿಂಗಿಗಳು, ಸ್ತ್ರೀವಾದಿ ಹೆಂಗಸರು ಅಲ್ಲಿ ತಮ್ಮವರೊಂದಿಗೆ ಕೂತದ್ದು ಹೊರಗೆ ಹೇಳಲಾಗದ್ದನ್ನು ಬಾಯಿಬಿಟ್ಟು ಹೇಳಲಿಕ್ಕೆ. ಅಂಥ ಜಾಗದ ಬೆಲೆ ಗೊತ್ತಿರುವುದು ಅಲ್ಲಿ ಮೊದಲ ಸಲ ಮಾತಾಡಿದವರಿಗೆ.

ಸೂಚನೆಯಿಂದ ಓದುಗರಿಗೆ ಉಪಕಾರ ಕಾಣದ್ದರಿಂದ ಕತೆಯ ಮೇಲೆ ಎಚ್ಚರಿಕೆ ಹಾಕಿಲ್ಲ. ವಸ್ತು ಏನೆಂಬುದನ್ನು ಪರಿವಿಡಿಯಲ್ಲಿ ಒಂದು ಸಾಲಿನಲ್ಲಿ ಹೇಳಿದೆ. ಓದಿದರೆ ನಿಮಗೇನಾಗುತ್ತದೆ ಎಂದು ಭವಿಷ್ಯ ನುಡಿಯುವ ಹಕ್ಕು ನಮಗಿಲ್ಲ. ಓದಿದವರು, ಓದದೆ ಪುಟ ತಿರುವಿದವರು, ಇಬ್ಬರೂ ಪತ್ರ ಬರೆಯಿರಿ.