ಕೌದಿಗೆ ಯಾರ ಅಪ್ಪಣೆ?

ಕೈಗೆಲಸದ ಪ್ರದರ್ಶನಗಳಲ್ಲಿ ಪರೀಕ್ಷಕರ ಬಾಯಿಂದ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: “ಚೆನ್ನಾಗಿದೆ, ಆದರೆ ಇದು ನಮ್ಮ ಕೌದಿಯಲ್ಲ.” ಹುಡುಗಿಯೊಬ್ಬಳು ನೇರಳೆಯ ಮಗ್ಗುಲಿಗೆ ಹಳದಿಯನ್ನಿಟ್ಟು, ಚೌಕದ ಬದಲು ಆರು ಮೂಲೆಯ ತುಂಡುಗಳನ್ನು ಜೋಡಿಸಿ, ಎರಡು ತಿಂಗಳು ಕುಳಿತು ಹೊಲಿದು ತಂದಿರುತ್ತಾಳೆ. ಪರೀಕ್ಷಕರು ಅದರ ಮೇಲೆ ಕೈಯಾಡಿಸುವದೂ ಇಲ್ಲ, ಹಿಂಬದಿಯನ್ನು ತಿರುವಿ ಹೊಲಿಗೆಯನ್ನು ನೋಡುವದೂ ಇಲ್ಲ. ತಾವು ಎಳೆತನದಲ್ಲಿ ಹೊದ್ದ ಕೆಂಪು ಹಸಿರು ಚೌಕಗಳ ಸಾಲು ಕಾಣಲಿಲ್ಲವೆಂದೊಡನೆ ಅವರ ತೀರ್ಪು ಮುಗಿದುಹೋಗುತ್ತದೆ. ಬಹುಮಾನವು ಮಾದರಿಯ ಹಾಳೆಯನ್ನು ಮುಂದಿಟ್ಟುಕೊಂಡು ನಕಲು ಮಾಡಿದವಳ ಪಾಲಿಗೆ ಹೋಗುತ್ತದೆ.

ಈ ತೀರ್ಪನ್ನು ನಾನು ಒಪ್ಪುವದಿಲ್ಲ. ಒಪ್ಪದಿದ್ದರೆ ಸಾಲದು, ಕನ್ನಡ ಶಾಲೆಗಳಲ್ಲಿ ಕಲಿಸುವ ನಾವೆಲ್ಲರೂ ಇದನ್ನು ಬಹಿರಂಗವಾಗಿ ಎದುರಿಸಬೇಕೆಂದು ಹೇಳುತ್ತೇನೆ. ಇಂಥ ಮಾತನ್ನು ಎರಡು ಸಲ ಕೇಳಿದ ಹುಡುಗಿ ಮೂರನೆಯ ಸಲ ಸೂಜಿ ಹಿಡಿಯಲಾರಳು. ಸಂತೆಯಲ್ಲಿ ಪಾಲಿಯೆಸ್ಟರ್ ರಗ್ಗು ಸಿಗುತ್ತಿರುವಾಗ ಕೌದಿಯನ್ನು ಹೊಲಿಯಲೇಬೇಕೆಂಬ ನಿರ್ಬಂಧ ಆಕೆಗೆ ಯಾವದೂ ಇಲ್ಲ. ಹೊಲಿಯಬೇಕೆಂಬ ಆಸೆಯೊಂದೇ ಆಕೆಯನ್ನು ಪಡಸಾಲೆಯಲ್ಲಿ ಕೂಡ್ರಿಸೀತು. ಆ ಆಸೆಯನ್ನು ಚಿವುಟಿಹಾಕಿದ ಬಳಿಕ ಕೌದಿಯ ಕಲೆಯನ್ನು ಉಳಿಸಿರೆಂದು ವೇದಿಕೆಯ ಮೇಲೆ ಭಾಷಣ ಮಾಡಿ ಫಲವೇನು?

ಕೌದಿಯೆಂದರೇನೆಂಬುದನ್ನು ಮೊದಲು ವಿಚಾರಿಸೋಣ. ಉಟ್ಟು ಉಟ್ಟು ಮೆತ್ತಗಾದ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸೂಜಿಯು ಮೇಲಕ್ಕೂ ಕೆಳಕ್ಕೂ ಆಡುತ್ತ ಹೋಗುವ ಸಾಲುಹೊಲಿಗೆಯಿಂದ ಅವೆಲ್ಲವನ್ನೂ ಒಂದು ಮಾಡಿದರೆ ಕೌದಿಯಾಯಿತು. ಸಾಲುಗಳು ಒತ್ತಾದಷ್ಟೂ ಅದರ ಬಾಳಿಕೆ ಹೆಚ್ಚು. ಇದರಲ್ಲಿ ಇಂಥದೇ ಬಣ್ಣ, ಇಂಥದೇ ಆಕಾರವೆಂಬ ವಿಧಿಯೆಲ್ಲಿದೆ? ನಮ್ಮ ಅಜ್ಜಿಯರ ಕೌದಿಗಳಲ್ಲಿ ಇಳಕಲ್ಲ ಸೀರೆಯ ಕೆಂಪು ಸೆರಗು ಮೆರೆಯುತ್ತಿತ್ತು, ನಿಜ. ಆದರೆ ಅದು ಮೆರೆದದ್ದು ಮನೆಯ ಟ್ರಂಕಿನಲ್ಲಿ ಇಳಕಲ್ಲ ಸೀರೆಯಿದ್ದ ಕಾರಣಕ್ಕೆ. ಗುಳೇದಗುಡ್ಡದ ಖಣದಿಂದ ಕುಬಸ ಕತ್ತರಿಸಿದಾಗ ಉಳಿದ ಚೂರುಗಳು ಮೂರು ಮೂಲೆಯವಾಗಿದ್ದವು. ಆದುದರಿಂದ ಕೌದಿಯಲ್ಲಿ ಮೂರು ಮೂಲೆಯ ಖಣ ಬಂದಿತು. ಕೂಸಿನ ಕುಂಚಿಗೆಗೂ ಅದೇ ಚೂರೇ ಗತಿ. ಅಜ್ಜಿಯು ಶಾಸ್ತ್ರವನ್ನು ನೋಡಿ ಬಣ್ಣವನ್ನು ಆರಿಸಲಿಲ್ಲ, ಟ್ರಂಕನ್ನು ತೆರೆದು ನೋಡಿ ಆರಿಸಿದಳು.

ಇಂದು ಅದೇ ಟ್ರಂಕನ್ನು ತೆರೆದು ನೋಡಿರಿ. ಅಲ್ಲಿ ತಾಯಿಯ ಹೂವಿನ ನೈಟಿಯಿದೆ, ಅಕ್ಕನ ಚೂಡಿದಾರವಿದೆ, ತಮ್ಮನ ಹರಿದ ಶಾಲೆಯ ಸಮವಸ್ತ್ರವಿದೆ, ತಂದೆಯ ಟೆರಿಕಾಟ್ ಪ್ಯಾಂಟಿದೆ. ಗಿಳಿಹಸಿರು, ಕಡು ಗುಲಾಬಿ, ಬೂದಿ, ಆಕಾಶನೀಲಿ, ಎಲ್ಲವೂ ಇವೆ. ಇಳಕಲ್ಲದ ಕೆಂಪೊಂದೇ ಇಲ್ಲ. ಹೀಗಿರುವಾಗ ‘ನಮ್ಮ ಕೌದಿ’ಯೇ ಬೇಕೆಂದು ಹಟ ಹಿಡಿದರೆ ಆ ಹುಡುಗಿ ಮಾಡಬೇಕಾದುದೇನು? ಪೇಟೆಗೆ ಹೋಗಿ ಹೊಸ ಖಣವನ್ನು ಕೊಂಡು, ಹೊಚ್ಚ ಹೊಸ ಅರಿವೆಯನ್ನು ಕತ್ತರಿಯಿಂದ ತುಂಡರಿಸಿ, ಹಳೆಯದರಂತೆ ಕಾಣುವ ವಸ್ತುವನ್ನು ತಯಾರಿಸಬೇಕು. ಹಾಗೆ ತಯಾರಿಸಿದವಳು ಬಹುಮಾನ ಪಡೆಯುತ್ತಾಳೆ. ಮನೆಯಲ್ಲಿದ್ದ ನೈಟಿಯ ಚೂರಿನಲ್ಲಿ ಹೊಲಿದವಳು ಪರಂಪರೆಯನ್ನು ಕೆಡಿಸಿದವಳೆನಿಸುತ್ತಾಳೆ! ಕೊಂಡು ತಂದ ಹೊಸ ಅರಿವೆಯನ್ನು ಹಾಗೆ ಕತ್ತರಿಸುವದನ್ನು ಕಂಡಿದ್ದರೆ ನಮ್ಮ ಅಜ್ಜಿಯರು ಏನೆನ್ನುತ್ತಿದ್ದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ವಾದವಿಷ್ಟೆ: ಮನೆಯಲ್ಲಿದ್ದುದರಿಂದ ಹೊಲಿಯುವದೇ ಕೌದಿಯ ಹಳೆಯ ಕಟ್ಟಳೆಯಾದರೆ, ಆ ಕಟ್ಟಳೆಯನ್ನು ಪಾಲಿಸುವವಳು ಹೊಸ ಬಣ್ಣ, ಹೊಸ ಆಕಾರಗಳಿಗೆ ಕೈ ಹಾಕಲೇಬೇಕಾಗುವದು.

ಹಳೆಯ ಬಣ್ಣವೆಂದು ನಾವು ಕೊಂಡಾಡುವ ಬಣ್ಣಗಳ ವಯಸ್ಸಾದರೂ ಎಷ್ಟು? ಒಂದು ಕಾಲಕ್ಕೆ ಕೆಂಪು ಮಂಜಿಷ್ಠೆಯಂಥ ಬೇರುಗಳಿಂದ, ನೀಲಿ ನೀಲಿಯ ಗಿಡದಿಂದ ಬರುತ್ತಿತ್ತು. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ಇಂಗ್ಲೀಷ್ ತರುಣನು ಮಲೇರಿಯದ ಔಷಧವಾದ ಕ್ವಿನೈನನ್ನು ತಯಾರಿಸಲು ಹೋಗಿ ಟಾರಿನಿಂದ ನೇರಳೆ ಬಣ್ಣವನ್ನು ಪಡೆದನು. 1868ರಲ್ಲಿ ಜರ್ಮನಿಯ ಇಬ್ಬರು ರಸಾಯನ ಶಾಸ್ತ್ರಜ್ಞರು ಬೇರಿನ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. 1897ರಿಂದ ಕಾರಖಾನೆಯ ನೀಲಿ ಮಾರಾಟಕ್ಕೆ ಬಂದು ನಮ್ಮ ದೇಶದ ನೀಲಿಯ ಬೆಳೆಯನ್ನೇ ಅಳಿಸಿತು. ಇತ್ತ ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ಗಿರಣಿ ಆರಂಭವಾಗಿ, ಗಿರಣಿಯ ಅರಿವೆ ಮನೆಮನೆಗೆ ಬಂದಿತು. ಎಂದರೆ ನಮ್ಮ ಅಜ್ಜಿಯ ಅಜ್ಜಿಗೆ ಆ ಬಣ್ಣವೂ ಹೊಸದು, ಆ ಅರಿವೆಯೂ ಹೊಸದು. ಆಕೆ ಯಾವ ಪರೀಕ್ಷಕರ ಅಪ್ಪಣೆಯನ್ನೂ ಕೇಳದೆ ಅವನ್ನು ಕೌದಿಗೆ ಸೇರಿಸಿದಳು. ಆಕೆಯ ಧೈರ್ಯದ ಫಲವನ್ನು ಹೊದ್ದು ಮಲಗಿದವರು ಆಕೆಯ ಮರಿಮಗಳಿಗೆ ಆ ಧೈರ್ಯ ಬೇಡವೆನ್ನುತ್ತಿದ್ದಾರೆ.

ಪರೀಕ್ಷಕರ ಮನಸ್ಸಿನ ಹಿಂದಿರುವ ಅಂಜಿಕೆ ನನಗೆ ತಿಳಿಯದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಈಚೆಗೆ ಉಳಿದ ನಮಗೆ ಎಲ್ಲವನ್ನೂ ಕಾಯ್ದುಕೊಳ್ಳುವ ಅಭ್ಯಾಸ ಬಿದ್ದಿದೆ. ಭಾಷೆಯನ್ನು ಕಾಯ್ದೆವು, ಶಾಲೆಯನ್ನು ಕಾಯ್ದೆವು. ಕಾಯದಿದ್ದರೆ ಅವು ಉಳಿಯುತ್ತಿರಲಿಲ್ಲ. ಆದರೆ ಕಾಯುತ್ತ ಕಾಯುತ್ತ, ಹೊಸದಾಗಿ ಕಂಡದ್ದೆಲ್ಲವೂ ಪರರದೆಂದು ಬಗೆಯುವ ರೋಗವೂ ಅಂಟಿಕೊಂಡಿತು. ಹೊಸ ಆಕಾರ ಕಂಡರೆ “ಇದು ಮರಾಠಿಯವರ ಗೋಧಡಿ” ಎನ್ನುವರು. ನಮ್ಮ ಮರಾಠಿ ನೆರೆಯವರು ಗೋಧಡಿಯೆನ್ನುವದೂ, ತೆಲಂಗಾಣದವರು ಬೊಂತವೆನ್ನುವದೂ ಅದೇ ಸಾಲುಹೊಲಿಗೆಯ ಹೊದಿಕೆಯನ್ನೇ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಯಾವ ಓಣಿಯಲ್ಲಿ ಯಾವ ಭಾಷೆಯೆಂದು ಕೇಳಿ ಸೂಜಿಯನ್ನು ಬದಲಿಸಿದವರಲ್ಲ.

ಕರ್ನಾಟಕದೊಳಗೇ ಹೋಗಿ ನೋಡಿದರೂ ಒಂದೇ ಮಾದರಿಯೆಂಬುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಗೆ ಸಿದ್ದಿ ಜನರಿದ್ದಾರೆ; ಅವರ ಪೂರ್ವಜರು ಆಫ್ರಿಕದಿಂದ ಬಂದವರು. ಅವರ ಹೆಣ್ಣುಮಕ್ಕಳು ಕವಂದವೆಂಬ ಕೌದಿಯನ್ನು ಹೊಲಿಯುವಾಗ ಅಂಚಿನ ಮೂಲೆಯಲ್ಲಿ ಆರಂಭಿಸಿ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತ ನಡುವಿನಲ್ಲಿ ಮುಗಿಸುತ್ತಾರೆ. ತುಂಡುಗಳನ್ನು ಮೊದಲೇ ಅಳೆದು ಜೋಡಿಸಿಡುವ ಪದ್ಧತಿ ಅವರಲ್ಲಿಲ್ಲ. ಕೈಗೆ ಬಂದ ಚೂರು, ಆ ಹೊತ್ತಿನ ಕಣ್ಣು, ಅಲ್ಲಿಗೆ ಹೊಂದುವ ಬಣ್ಣ, ಇವೇ ಅವರ ಲೆಕ್ಕ. ನಾಲ್ಕು ಮೂಲೆಗಳಲ್ಲಿ ಮಡಿಕೆ ಮಡಿಕೆಯಾದ ಅರಿವೆಯ ‘ಫೂಲ’ವನ್ನು ಇಡದಿದ್ದರೆ ಮಾತ್ರ ಕೌದಿಯು ಬತ್ತಲೆಯೆಂದು ಅವರ ಭಾವನೆ. ಎಂದರೆ ಕಟ್ಟಳೆಯೂ ಇದೆ, ಸ್ವಾತಂತ್ರ್ಯವೂ ಇದೆ. ಯಾವದು ಎಲ್ಲಿಯೆಂಬುದನ್ನು ಹೊಲಿಯುವವರೇ ನಿಶ್ಚಯಿಸಿದ್ದಾರೆ.

ಸಮುದ್ರದಾಚೆಯ ಒಂದು ನಿದರ್ಶನವನ್ನೂ ಹೇಳಿಬಿಡುತ್ತೇನೆ. ಅಮೇರಿಕೆಯ ಅಲಬಾಮಾ ಪ್ರಾಂತದಲ್ಲಿ ಹೊಳೆಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಬಡ ಹಳ್ಳಿಯ ಕರಿಯ ಹೆಣ್ಣುಮಕ್ಕಳು, ಗುಲಾಮರ ಸಂತತಿಯವರು, ಹೊಲದಲ್ಲಿ ದುಡಿದು ಹರಿದ ಪ್ಯಾಂಟುಗಳನ್ನೇ ಕತ್ತರಿಸಿ ಹೊದಿಕೆ ಹೊಲಿಯುತ್ತ ಬಂದರು. 1972ರಲ್ಲಿ ಒಂದು ದೊಡ್ಡ ವ್ಯಾಪಾರಿ ಸಂಸ್ಥೆಯು ತಲೆದಿಂಬಿನ ಗವಸುಗಳನ್ನು ಅವರಿಂದ ಹೊಲಿಸಿದಾಗ ಕಾರ್ಡುರಾಯ್ ಅರಿವೆಯ ಚೂರುಗಳು ಉಳಿದವು. ದಪ್ಪವಾದ ಆ ಅರಿವೆಯಲ್ಲಿ ಹಳೆಯ ಸಣ್ಣ ಆಕಾರಗಳು ಕೂಡ್ರಲಿಲ್ಲ. ಅವರು ದೊಡ್ಡ ದೊಡ್ಡ ಪಟ್ಟಿಗಳನ್ನು ಮಾಡಿಕೊಂಡರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯವು ಅವರ ಹೊದಿಕೆಗಳನ್ನು ಗೋಡೆಗೆ ತೂಗುಹಾಕಿತು, 2006ರಲ್ಲಿ ಅವು ಅಂಚೆಯ ಚೀಟಿಗಳ ಮೇಲೆ ಬಂದವು. ಇದು ನಮ್ಮದಲ್ಲವೆಂದು ಅಲ್ಲಿ ಯಾರಾದರೂ ಮೊದಲೇ ಅವರ ಕೈ ತಡೆದಿದ್ದರೆ?

ಹೊಸದೆಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೆಟ್ಟ ಹೊಸ ಕೌದಿಗಳು ಬೇಕಾದಷ್ಟಿವೆ. ನುಣುಪಾದ ನೈಲಾನ್ ತುಂಡನ್ನು ಹಳೆಯ ಹತ್ತಿಯ ಮೇಲಿಟ್ಟು ಹೊಲಿದರೆ ಎರಡೂ ಒಂದಕ್ಕೊಂದು ಹೊಂದದೆ, ನೈಲಾನು ಎಳೆದು ಹತ್ತಿ ಹರಿಯುವದು. ಹೊಸ ಹತ್ತಿಯ ಅರಿವೆಯನ್ನು ಒಗೆಯದೆ ಸೇರಿಸಿದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಇಡೀ ಕೌದಿ ಸುಕ್ಕುಗಟ್ಟುವದು. ಬಣ್ಣ ಬಿಡುವ ಕೆಂಪನ್ನು ಬಿಳಿಯ ಪಕ್ಕದಲ್ಲಿಟ್ಟರೆ ಆಗುವದನ್ನು ಹೇಳಬೇಕಾಗಿಲ್ಲ. ಚೂರನ್ನು ತೊಯ್ಸಿ ಬಿಳಿಯ ಅರಿವೆಯಲ್ಲಿ ಒತ್ತಿ ಆರಲು ಬಿಟ್ಟರೆ ಸಾಕು, ಗುಟ್ಟು ಹೊರಬೀಳುತ್ತದೆ. ಪರೀಕ್ಷಕರು ಇಂಥ ದೋಷಗಳನ್ನು ಎತ್ತಿ ತೋರಿಸಲಿ, ನಾವು ಕೈಮುಗಿದು ಕೇಳುತ್ತೇವೆ. ಕೆಟ್ಟಿದ್ದರೆ ಕೆಟ್ಟಿದೆಯೆನ್ನಿರಿ, ಹೊಸದಾಗಿರುವದರಿಂದ ಕೆಟ್ಟಿದೆಯೆನ್ನಬೇಡಿರಿ.

ಬಣ್ಣಗಳ ವಿಷಯದಲ್ಲಿಯೂ ರುಚಿಯೆಂಬ ಹೆಸರಿನಲ್ಲಿ ಬಾಯಿಗೆ ಬಂದದ್ದನ್ನು ಹೇಳುವ ಬದಲು ಸ್ವಲ್ಪ ಓದಿಕೊಳ್ಳಬಹುದು. ಪ್ಯಾರಿಸ್ಸಿನ ಗೊಬೆಲಿನ್ ನೇಯಿಗೆಯ ಶಾಲೆಯಲ್ಲಿ ಬಣ್ಣದ ಕೆಲಸದ ಮೇಲ್ವಿಚಾರಕನಾಗಿದ್ದ ಶೆವ್ರೋಲ್ ಎಂಬ ವಿದ್ವಾಂಸನ ಬಳಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತು. ಅವನು ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಗಳ ಮಗ್ಗುಲಿಗೆ ಬಂದುದರಿಂದ ಅದೇ ಕಪ್ಪು ಕಳೆಗುಂದಿದಂತೆ ಕಾಣುತ್ತಿತ್ತು. ಒಂದು ಬಣ್ಣವು ನೆರೆಯ ಬಣ್ಣದಿಂದ ಬದಲಾಗಿ ಕಾಣುತ್ತದೆಂಬ ಈ ನಿಯಮವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ನೇರಳೆಯ ಪಕ್ಕದಲ್ಲಿ ಹಳದಿ ಉರಿಯುವದು ಈ ನಿಯಮದಿಂದಲೇ. ಹುಡುಗಿಯ ಕಣ್ಣು ಇದನ್ನು ತಾನಾಗಿ ಕಂಡುಕೊಂಡಿದೆ; ನಾವು ಅದನ್ನು ಅತಿಯಾಯಿತೆನ್ನುತ್ತೇವೆ. ನಿಜವಾಗಿ ಅತಿಯಾದರೆ ಮದ್ದು ಸುಲಭ: ಬಣ್ಣವನ್ನು ತೆಗೆದುಹಾಕುವದು ಬೇಡ, ನಡುವೆ ಬೂದಿಯದೋ ಕಡು ನೀಲಿಯದೋ ಒಂದು ಪಟ್ಟಿಯನ್ನು ಇಟ್ಟು ನೋಡಿರಿ. ಕಣ್ಣನ್ನು ಅರೆಮುಚ್ಚಿ ದೂರದಿಂದ ನೋಡಿದಾಗ ತಿಳಿ ಯಾವದು, ಗಾಢ ಯಾವದು ಎಂಬುದಷ್ಟೇ ಉಳಿಯುತ್ತದೆ. ಆ ಏರಿಳಿತ ಸರಿಯಿದ್ದರೆ ಎಂಥ ಬಣ್ಣಗಳನ್ನೂ ಕೂಡಿಸಬಹುದು.

ಆಕಾರಗಳ ಮಾತಂತೂ ನಮ್ಮ ಕಪ್ಪುಹಲಗೆಯ ಮೇಲಿನದೇ. ಸಮಬಾಹು ಆಕೃತಿಗಳಲ್ಲಿ ಒಂದನ್ನೇ ಬಳಸಿ ಸಂದಿಲ್ಲದೆ ನೆಲ ತುಂಬಿಸಲು ಸಾಧ್ಯವಾಗುವದು ಮೂರರಿಂದ ಮಾತ್ರ: ತ್ರಿಕೋಣ, ಚೌಕ, ಷಟ್ಕೋಣ. ಒಂದು ಬಿಂದುವಿನಲ್ಲಿ 60 ಅಂಶದ ಆರು, 90ರ ನಾಲ್ಕು, 120ರ ಮೂರು ಕೋನಗಳು ಕೂಡಿ 360 ಆಗುತ್ತವೆ. ಪಂಚಕೋಣದ ಕೋನ 108. ಮೂರು ಕೂಡಿದರೆ 324, ಉಳಿದ 36 ಅಂಶ ಬಾಯ್ದೆರೆದು ನಿಲ್ಲುತ್ತದೆ. ಅಷ್ಟಕೋಣವೂ ಒಂಟಿಯಾಗಿ ಆಗದು, ಆದರೆ 135ರ ಎರಡು ಕೋನಗಳ ನಡುವೆ ಉಳಿಯುವದು ಸರಿಯಾಗಿ 90. ಅಲ್ಲಿ ಒಂದು ಸಣ್ಣ ಚೌಕವನ್ನಿಟ್ಟರೆ ಕೌದಿ ತುಂಬಿತು. ಅಜ್ಜಿಯ ಖಣದ ಚೂರೊಂದು ಮನೆಯಲ್ಲಿ ಉಳಿದಿದ್ದರೆ ಅದಕ್ಕೆ ತಕ್ಕ ಸ್ಥಳ ಅದೇ. ಚೌಕವನ್ನು ಕರ್ಣದ ಗುಂಟ ಕತ್ತರಿಸಿದಾಗ ಆ ಅಂಚು ಎಳೆದಂತೆ ಹಿಗ್ಗುವದೇಕೆಂದು ಮಕ್ಕಳನ್ನು ಕೇಳಿ ನೋಡಿರಿ. ಹಾಸು ಹೊಕ್ಕುಗಳ ಗುಂಟ ಕತ್ತರಿಸಿದರೆ ನೂಲು ಹಿಡಿದು ನಿಲ್ಲುತ್ತದೆ. ಓರೆಯಾಗಿ ಕತ್ತರಿಸಿದರೆ ಹಿಡಿಯುವ ನೂಲಿಲ್ಲ. ಅರಿವೆಯನ್ನು ಕೈಯಲ್ಲಿ ಹಿಡಿದು ಇದನ್ನು ಕಂಡ ಹುಡುಗನು ಕರ್ಣವನ್ನು ಮರೆಯುವದಿಲ್ಲ. ಹುಡುಗನೆಂದೆ, ಸೂಜಿಯು ಹುಡುಗಿಯರಿಗೆ ಮಾತ್ರವೆಂದು ಯಾರೂ ಭಾವಿಸಬಾರದು.

ಇಷ್ಟೆಲ್ಲ ಇರುವಾಗ ಕಾರ್ಯಾನುಭವದ ತಾಸಿನಲ್ಲಿ ನಾವು ಮಾಡಿಸುತ್ತಿರುವದೇನು? ಅಚ್ಚಾದ ತಕ್ತೆಯನ್ನು ಗೋಡೆಗೆ ತೂಗುಹಾಕಿ, ಇದರಂತೆಯೇ ತನ್ನಿರೆಂದು ಹೇಳಿ, ತಂದ ಮೇಲೆ ಹೋಲಿಕೆಗೆ ಅಂಕ ಕೊಡುತ್ತೇವೆ. ಪ್ರದರ್ಶನದ ಪರೀಕ್ಷಕರನ್ನು ಬೈಯುವ ಮೊದಲು, ಅವರೂ ಒಂದು ಕಾಲಕ್ಕೆ ಇಂಥ ತಾಸಿನಲ್ಲಿಯೇ ಕುಳಿತು ಬಂದವರೆಂಬುದನ್ನು ನೆನೆಯಬೇಕು. ತಕ್ತೆಯನ್ನು ಇಳಿಸಿರಿ. ನಾಲ್ಕನೆಯ ಇಯತ್ತೆಯವರಿಗೆ ಬಣ್ಣದ ಕಾಗದ ಕೊಟ್ಟು ಆರು ಮೂಲೆಯ ಆಕಾರಗಳನ್ನು ಕತ್ತರಿಸಿ ಜೋಡಿಸಲು ಹೇಳಿರಿ. ಅಂಟಿಸುವದಕ್ಕೆ ಮೊದಲು ಮೂರು ಸಲ ಜಾಗ ಬದಲಿಸಿ, ಯಾವ ಜೋಡಣೆ ಏಕೆ ಹಿಡಿಸಿತೆಂದು ನಾಲ್ಕು ವಾಕ್ಯ ಬರೆಯಿಸಿರಿ. ಆ ನಾಲ್ಕು ವಾಕ್ಯಗಳಲ್ಲಿ ನೇರಳೆ, ಗಿಳಿಹಸಿರು, ಅಂಚು, ಓರೆ, ಹಾಸು, ಹೊಕ್ಕು ಎಂಬ ಮಾತುಗಳು ಬಂದರೆ ಅದು ಕನ್ನಡದ ಪಾಠವೂ ಹೌದು. ಏಳನೆಯವರು ಅರಿವೆಗೆ ಕೈ ಹಾಕಲಿ. ಇಡೀ ಕೌದಿಯಾಗಬೇಕಾಗಿಲ್ಲ, ಕೂಸಿನ ದುಪ್ಪಟಿಯಷ್ಟಾದರೆ ಸಾಕು. ಕೌದಿ ಹೊಲಿಯಬಲ್ಲ ಮುದುಕಿಯೊಬ್ಬಳು ಪ್ರತಿ ಊರಿನಲ್ಲಿಯೂ ಇದ್ದಾಳೆ. ಹೊಲಿಗೆಯನ್ನು ಆಕೆ ಕಲಿಸಲಿ, ಬಣ್ಣವನ್ನು ಮಕ್ಕಳು ಆರಿಸಲಿ. ಚೂರುಗಳನ್ನು ಎಲ್ಲಿಂದ ತರುವದೆಂದು ಕೇಳುವ ಗುರುಗಳು ತಮ್ಮ ಊರಿನ ಸಿಂಪಿಗರ ಅಂಗಡಿಗೆ ಸಂಜೆಯ ಹೊತ್ತು ಒಮ್ಮೆ ಹೋಗಿ, ಹೊಲಿಗೆಯ ಯಂತ್ರದ ಕೆಳಗೆ ಬಿದ್ದ ರಾಶಿಯನ್ನು ನೋಡಲಿ.