ಪಾಸ್ ಅಂದರೆ ಬರೀ ಪಾಸಲ್ಲ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಇಂಗ್ಲಿಷ್ ಕಲಿಯುವುದು ಹೇಗೆ ಅಂತ ಒಂದು ಲೇಖನ ಬಂದಿತ್ತು. ದಿನಕ್ಕೆ 10 ಪದ, ಒಂದೊಂದಕ್ಕೆ ಒಂದೊಂದು ಅರ್ಥ ಬಾಯಿಪಾಠ ಮಾಡಿದರೆ ವರ್ಷಕ್ಕೆ 3,650 ಪದ ಬರುತ್ತದೆ ಅಂತ ಲೆಕ್ಕ ಕೊಟ್ಟಿದ್ದರು. ಲೆಕ್ಕ ಸರಿ ಇದೆ. ಆದರೆ ಕಲಿಯುವ ರೀತಿ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ನಾನೂ ಹಾಗೇ ಕಲಿತವಳು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮೂರು ಜಂಕ್ಷನ್. ಬೀರೂರಿನಿಂದ ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುವ ಲೈನು ಇಲ್ಲೇ ಹಾಯುತ್ತದೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆ ಹೋಗುವ ಲೈನು ಇಲ್ಲಿಂದಲೇ ಕವಲಾಗುತ್ತದೆ. ಆದ್ದರಿಂದ ಪಾಸ್ ಅನ್ನೋ ಪದ ನಮಗೆ ಎಬಿಸಿಡಿಗಿಂತ ಮುಂಚೆ ಗೊತ್ತು. ನಿಲ್ಲದೆ ಹೋದ ಗಾಡಿ ಪಾಸಾಯ್ತು ಅಂತೀವಿ. ರೈಲ್ವೆಯವರ ಮನೆಯಲ್ಲಿ ಪಾಸ್ ಅಂದರೆ ಟಿಕೆಟಿಗೆ ದುಡ್ಡು ಕೊಡದೆ ಊರಿಗೆ ಹೋಗೋದು. ಹೊಳಲ್ಕೆರೆ ಕಾಲೇಜಿಗೆ ಹೋಗುವ ಅಣ್ಣಂದಿರಿಗೆ ಬಸ್ ಪಾಸ್. ಆಟದಲ್ಲಿ ಬಾಲ್ ಪಾಸ್. ವಿಧಾನಸಭೆಯಲ್ಲಿ ಬಿಲ್ ಪಾಸ್. ಕಟ್ಟೆ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತರೆ ಟೈಮ್ ಪಾಸ್. ಖೈಬರ್ ಪಾಸ್ ಅಂದರೆ ಬೆಟ್ಟದ ನಡುವಿನ ಕಣಿವೆ ದಾರಿ. ಇಷ್ಟೆಲ್ಲ ಕೇಳಿದ್ದರೂ ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಅರ್ಥ: ಪಾಸ್ ಅಂದರೆ ತೇರ್ಗಡೆ.

ಒಂದು ಸಲ ಟೆಸ್ಟಿನಲ್ಲಿ ಟ್ರೈನ್ ಸ್ಟೇಷನ್ನನ್ನು ಪಾಸ್ ಮಾಡಿತು ಅನ್ನೋ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ಮಾಡಿ ಅಂತ ಬಂದಿತ್ತು. ನಾನು "ರೈಲು ಸ್ಟೇಷನ್ನಿನಲ್ಲಿ ತೇರ್ಗಡೆಯಾಯಿತು" ಅಂತ ಬರೆದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ನಡೆದದ್ದಕ್ಕೆ ಯಾರೂ ನಗಲಿಲ್ಲ.

ನಮ್ಮಪ್ಪಾಜಿ ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಾರೆ. ಅವರ ಜೊತೆ ಮೊದಲು ಇದ್ದ ಒಬ್ಬರು ಅರಸೀಕೆರೆ ಕಡೆಗೆ ವರ್ಗವಾಗಿ ಹೋಗಿದ್ದರು. ನಾನು ಅವರನ್ನು ದೊಡ್ಡಪ್ಪ ಅಂತಲೇ ಕರೆಯುತ್ತಿದ್ದೆ. ಒಂದು ದಿನ ಅಪ್ಪಾಜಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಮೊಬೈಲಿಗೆ ಒಂದು ಮೆಸೇಜ್ ಬಂತು. "ಇಂಗ್ಲಿಷಲ್ಲಿ ಐತೆ, ಏನಂತ ನೋಡವ್ವ" ಅಂತ ನನ್ನ ಕೈಗೆ ಕೊಟ್ಟರು. ದೊಡ್ಡಪ್ಪನ ಮಗ ಕಳಿಸಿದ್ದ. ಮೈ ಫಾದರ್ ಪಾಸ್ಡ್ ಅವೇ ಅಂತ ಇತ್ತು.

ಫಾದರ್ ಗೊತ್ತು. ಪಾಸ್ ಗೊತ್ತು. ಅವೇ ಅಂದರೆ ದೂರ, ಅದೂ ಗೊತ್ತು. ದೊಡ್ಡಪ್ಪ ಪ್ರಮೋಷನ್ನಿಗೆ ಇಲಾಖೆ ಪರೀಕ್ಷೆ ಕಟ್ಟಿದ್ದಾರೆ ಅಂತ ಅಪ್ಪಾಜಿ ಹೇಳಿದ್ದು ನೆನಪಿತ್ತು. ದೂರದ ಊರಲ್ಲಿ ಪರೀಕ್ಷೆ ಬರೆದು ಪಾಸಾಗಿದ್ದಾರೆ ಅಂದುಕೊಂಡೆ. "ದೊಡ್ಡಪ್ಪ ಪಾಸಾದ್ರಂತೆ" ಅಂತ ಹೇಳಿದೆ. ಅಪ್ಪಾಜಿಗೆ ಬಹಳ ಖುಷಿಯಾಯಿತು. "ಇಂಗ್ಲಿಷಲ್ಲೇ ಒಳ್ಳೇದಾಗ್ಲಿ ಅಂತ ಬರಿ" ಅಂದರು. ನಾನು ಕಂಗ್ರಾಜುಲೇಷನ್ಸ್ ಅಂತ ಸ್ಪೆಲ್ಲಿಂಗ್ ನೋಡಿಕೊಂಡು ಬರೆದು ಕಳಿಸಿದೆ.

ಮೂರನೇ ದಿನ ಗ್ಯಾಂಗಿನವರೊಬ್ಬರು "ಯಾಕೆ, ನೀನು ಮಣ್ಣಿಗೆ ಬರ್ಲಿಲ್ಲ?" ಅಂತ ಕೇಳಿದಾಗಲೇ ಅಪ್ಪಾಜಿಗೆ ಗೊತ್ತಾದದ್ದು. ಆ ದಿನವೇ ಗಾಡಿ ಹತ್ತಿದ್ದರೆ ಗೆಳೆಯನ ಮುಖ ನೋಡಬಹುದಿತ್ತು. ಅಪ್ಪಾಜಿ ನನ್ನನ್ನು ಬೈಯಲಿಲ್ಲ. "ನಾನೇ ಒಂದು ಫೋನ್ ಮಾಡ್ಬೇಕಿತ್ತು" ಅಂದರು. ನಾನು ಆ ಅಣ್ಣನಿಗೆ ಫೋನ್ ಮಾಡಿ ತಪ್ಪಾಯಿತು ಅಂತ ಹೇಳಿದೆ. ಅವನು "ಹೋಗ್ಲಿ ಬಿಡಮ್ಮ" ಅಂದ.

ಅವನು ಹೇಳಿದ ಆ ಪದವನ್ನೇ ನೋಡಿ. ಹೋಗ್ಲಿ. ಕರೆಂಟು ಹೋಯ್ತು, ಬಸ್ಸು ಹೋಯ್ತು, ಮಾನ ಹೋಯ್ತು, ಅಜ್ಜ ಹೋದರು. ನಮ್ಮ ಹೋಗು ಅನ್ನೋ ಪದಕ್ಕೂ ಎಷ್ಟು ಅರ್ಥ! ಅಜ್ಜ ಹೋದರು ಅಂದರೆ ಯಾವ ಬಸ್ಸಿಗೆ ಅಂತ ನಾವು ಕೇಳಲ್ಲ. ಯಾಕಂದರೆ ಆ ಪದವನ್ನು ನಾವು ಪಟ್ಟಿಯಿಂದ ಕಲಿಯಲಿಲ್ಲ, ಮಾತಿನಿಂದ ಕಲಿತೆವು. ಇಂಗ್ಲಿಷಿನ ಪಾಸ್ ಕೂಡ ಹಾಗೇ. ಅದು ಹೆಜ್ಜೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ಅಂತ ಮೇಷ್ಟ್ರು ಹೇಳಿದರು. ಹೆಜ್ಜೆ ಹಾಕಿ ದಾಟಿ ಹೋಗೋದು. ರೈಲು ಸ್ಟೇಷನ್ ದಾಟುತ್ತದೆ, ಹುಡುಗರು ಪರೀಕ್ಷೆ ದಾಟುತ್ತಾರೆ, ದೊಡ್ಡಪ್ಪ ಎಲ್ಲರನ್ನೂ ದಾಟಿ ಹೋದರು.

"ಇಷ್ಟೊಂದು ಅರ್ಥ ಕಲೀತಾ ಕೂತರೆ ಪರೀಕ್ಷೆಗೆ ಓದೋದು ಯಾವಾಗ?" ಅಂತ ನನ್ನ ಗೆಳತಿ ಕೇಳುತ್ತಾಳೆ. ಎಲ್ಲಾ ಅರ್ಥ ಕಲಿಯಲು ಯಾರಿಂದಲೂ ಆಗಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು 20 ಸಂಪುಟ ಇದೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪದ ಸೆಟ್. ನಮಗೆ ಗೊತ್ತಿರೋದು ಪಂಪ್‌ಸೆಟ್ಟು, ಸೆಟ್ ದೋಸೆ, ಅಷ್ಟೇ! ಎಲ್ಲ ಅರ್ಥ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಒಂದೇ ಅರ್ಥ ಅಂತ ನಂಬೋದು ತಪ್ಪು.

ಆದ್ದರಿಂದ ನಾನು ಹೇಳೋದು ಇಷ್ಟು. ನೋಟ್‌ಬುಕ್ಕಿನಲ್ಲಿ ಪದ ಬರೆದರೆ ಜೊತೆಗೆ ಒಂದು ವಾಕ್ಯವನ್ನೂ ಬರೆಯೋಣ. ಕಿಟೆಲ್ ಅವರು ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದಾಗ ಪದಗಳ ಜೊತೆ ನಮ್ಮ ಗಾದೆಗಳನ್ನೂ ಹಾಕಿದ್ದರಂತೆ. ದಿನಕ್ಕೆ 10 ಪದ ಬೇಡ, 2 ಸಾಕು. ಬೀರುವಿನಲ್ಲಿ ಇರುವ ನಿಘಂಟನ್ನು ತರಗತಿಯ ಮೇಜಿನ ಮೇಲೆ ಇಡಬೇಕು ಅಂತ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಹರಿಯದ ಹಾಗೆ ನಾವು ನೋಡಿಕೊಳ್ಳುತ್ತೇವೆ. ದೊಡ್ಡವರಲ್ಲಿ ಒಂದು ವಿನಂತಿ, ಸಾವಿನ ಸುದ್ದಿಯನ್ನಾದರೂ ಕನ್ನಡದಲ್ಲಿ ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಆ ದಿನ ಅವೇ ಅನ್ನೋ ಪದ ಅಲ್ಲಿ ಯಾಕೆ ಬಂತು ಅಂತ ನನಗೆ ಸ್ವಲ್ಪ ಅನುಮಾನ ಬಂದಿತ್ತು. ಆದರೆ ಮನೆಯಲ್ಲಿ ಇಂಗ್ಲಿಷ್ ಓದೋಳು ನಾನೊಬ್ಬಳೇ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಆಸ್ಪತ್ರೆ ಚೀಟಿ, ಬ್ಯಾಂಕಿನ ಕಾಗದ, ಮೆಸೇಜು ಓದೋರು ನಾವೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳೋಣ. ಯಾರನ್ನಾದರೂ ಕೇಳೋಣ.

ನನ್ನ ನೋಟ್‌ಬುಕ್ಕಿನಲ್ಲಿ ಪಾಸ್ ಅನ್ನೋ ಪದಕ್ಕೆ ಈಗ ಒಂದು ಪೂರ್ತಿ ಪುಟ ಬಿಟ್ಟಿದ್ದೇನೆ. ಇನ್ನೂ ಅರ್ಧ ಖಾಲಿ ಇದೆ. ನಿಮಗೆ ಬೇರೆ ಅರ್ಥ ಸಿಕ್ಕಿದರೆ ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಬರೆಯಿರಿ. ವಾಕ್ಯದ ಸಮೇತ.

ಇತಿ ನಿಮ್ಮ ಗೆಳತಿ,
7ನೇ ತರಗತಿ, ಚಿಕ್ಕಜಾಜೂರು