ಲೂಫಿ ಮನೆದೇವ್ರು ಯಾವುದು?

ಚಿಕ್ಕಜಾಲದ ಹಳೇ ಕೋಟೆ ಗೋಡೆಯಿಂದ ಸ್ವಲ್ಪ ದೂರಕ್ಕೆ, ಸರ್ವಿಸ್ ರೋಡಲ್ಲಿ ಒಂದು ಟೀ ಅಂಗಡಿ. ಭಾನುವಾರ ಬೆಳಗ್ಗೆ ಹಾಲು ತರ್ತೀನಿ ಅಂತ ಮನೆಯಿಂದ ಹೊರಟವನು ಅಲ್ಲಿ ಒಂದು ಗಂಟೆ ಕೂತು, ಹಾಲು ಮರೆತು ವಾಪಸ್ ಬರೋದು ನನ್ನ ಹಳೇ ಚಾಳಿ. ಅಕ್ಕನ ಮಗ ಮತ್ತವನ ಗೆಳೆಯರು ನಾಲ್ಕೈದು ಜನ ಅಲ್ಲಿ ಸೇರ್ತಾರೆ. ಒಬ್ಬ ಏರ್‌ಪೋರ್ಟ್ ಕಾರ್ಗೋದಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದಿರ್ತಾನೆ, ಒಬ್ಬ ಕ್ಯಾಬ್ ಓಡಿಸ್ತಾನೆ, ಉಳಿದೋರು ಇಂಜಿನಿಯರಿಂಗ್ ಓದ್ತಾ ಇದಾರೆ ಅಂತ ಅವರಪ್ಪಂದಿರು ನಂಬಿದ್ದಾರೆ. ಅವರಿಗೆ ಕ್ರಿಕೆಟ್ ಬೇಡ, ರಾಜಕೀಯ ಬೇಡ, ಸೈಟಿನ ರೇಟು ಬೇಡ. (ಚಿಕ್ಕಜಾಲದಲ್ಲಿ ಕೂತು ಸೈಟಿನ ರೇಟು ಮಾತಾಡದೇ ಇರೋ ಗಂಡಸರನ್ನ ನಾನು ನೋಡಿದ್ದು ಇವರನ್ನೇ ಮೊದಲು.) ಅವರಿಗೆ ಬೇಕಾಗಿರೋದು ಒಂದೇ, ಒನ್ ಪೀಸ್.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಎಯಿಚಿರೊ ಓಡಾ ಅನ್ನೋ ಜಪಾನಿನ ಮಹಾನುಭಾವ 1997ರಿಂದ ಬರೀತಾ, ಬಿಡಿಸ್ತಾ ಇರೋ ಕಡಲ್ಗಳ್ಳರ ಕಥೆ. 1999ರಿಂದ ಅದೇ ಅನಿಮೆಯಾಗಿ ಟಿವಿಯಲ್ಲಿ ಬರ್ತಾ ಇದೆ. ಸಾವಿರ ಕಂತು ದಾಟಿ ಎಷ್ಟೋ ದಿನ ಆಯ್ತು, ಮುಗಿಯೋ ಲಕ್ಷಣ ಇಲ್ಲ. ರಬ್ಬರಿನ ಹಾಗೆ ಎಳೆಯೋ ಮೈಯ ಲೂಫಿ ಅನ್ನೋ ಹುಡುಗ, ಅವನ ಹಡಗು, ಅವನ ಗ್ಯಾಂಗು, ಕಡಲ್ಗಳ್ಳರ ರಾಜ ಆಗೇ ಆಗ್ತೀನಿ ಅನ್ನೋ ಅವನ ಹಟ. ಅಷ್ಟೇ ಕಥೆ. "ಅಷ್ಟೇ" ಅಂದಿದ್ದಕ್ಕೆ ಅಕ್ಕನ ಮಗ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ಆಮೇಲೆ ನಾನೂ ನೋಡೋಕೆ ಶುರು ಮಾಡಿದೆ. ಈಗ ನನ್ನ ಪರಿಸ್ಥಿತಿ ಅವನಿಗಿಂತ ಕೆಟ್ಟಿದೆ. ಇನ್ನೂ ನೋಡ್ತಾ ಇರೋರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆ ಒಡೆದು ಹೇಳ್ತೀನಿ.

ಯಾರು ಯಾರಿಗಿಂತ ಸ್ಟ್ರಾಂಗು ಅನ್ನೋ ಜಗಳದ ಬಗ್ಗೆ ನನ್ನ ತಕರಾರೇನೂ ಇಲ್ಲ. ಜೋರೊ ಮೇಲೋ ಸಾಂಜಿ ಮೇಲೋ ಅಂತ ಟೇಬಲ್ ಗುದ್ದಲಿ, ಟೀ ಚೆಲ್ಲಲಿ. ನಮ್ಮ ಸೀಮೆಗೆ ಇದೇನು ಹೊಸದಾ? ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಹಳ್ಳಿಹಳ್ಳಿಯಲ್ಲೂ ಕುರುಕ್ಷೇತ್ರ ನಾಟಕ ಆಡೋರು. ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಬೈಸಿಕೊಂಡು, ಬಾಡಿಗೆ ಕಿರೀಟ ಇಟ್ಕೊಂಡು ರಾತ್ರಿಯೆಲ್ಲಾ ಕೂಗಾಡಿ ಬೆಳಗ್ಗೆ ಹೊಲಕ್ಕೆ ಹೋಗೋರು. ಅವರೂ ಅರಳಿಕಟ್ಟೆ ಮೇಲೆ ಕೂತು ಇದೇ ಜಗಳ ಆಡಿದ್ದು. ಕರ್ಣ ದೊಡ್ಡವನಾ ಅರ್ಜುನ ದೊಡ್ಡವನಾ? ರಥದ ಚಕ್ರ ಹೂತುಹೋಗದೇ ಇದ್ದಿದ್ರೆ? ಕವಚ ಕೊಟ್ಟುಬಿಡದೇ ಇದ್ದಿದ್ರೆ? ಬಿಡಿ, ಅದು ಸುಖವಾದ ಜಗಳ.

ನನಗೆ ಸಿಟ್ಟು ಬಂದಿದ್ದು ಹೋದ ಭಾನುವಾರ. ಮಾತು ಕೋಬಿ ಕಡೆ ಹೊರಳಿತ್ತು. ಕೋಬಿ ಅಂದ್ರೆ ಮೊದಲ ಕಂತುಗಳಲ್ಲಿ ಅಳುಬುರುಕ, ಕಡಲ್ಗಳ್ಳರ ಹಡಗಲ್ಲಿ ನೆಲ ಒರೆಸ್ತಾ ಇದ್ದ ಹುಡುಗ. ಮುಂದೆ ನೌಕಾಪಡೆ ಸೇರಿ, ಒದೆ ತಿಂದು ತಿಂದು ಕ್ಯಾಪ್ಟನ್ ಆದವನು. ಕ್ಯಾಬ್ ಹುಡುಗ ತೀರ್ಪು ಕೊಟ್ಟುಬಿಟ್ಟ: "ಅವ್ನು ಎಷ್ಟೇ ಪ್ರಾಕ್ಟೀಸ್ ಮಾಡ್ಲಿ ಮಗಾ, ಒಂದ್ ಲೆವೆಲ್‌ಗೆ ನಿಂತೋಗ್ತಾನೆ. ಹಿಂದೆ ಮುಂದೆ ಯಾರಿದಾರೆ ಅವ್ನಿಗೆ? ಲೂಫಿಗೆ ಗಾರ್ಪ್ ತಾತ, ಡ್ರ್ಯಾಗನ್ ಅಪ್ಪ. ಶಾಂಕ್ಸು ಫಿಗರ್‌ಲ್ಯಾಂಡ್ ಮನೆತನ. ಜೋರೊ ರ್‍ಯೂಮಾ ವಂಶ. ಬ್ಲಡ್ ಬೇಕು ಗುರು, ಬ್ಲಡ್."

ಎಲ್ಲರೂ ಹೂಂಗುಟ್ಟಿದರು. ಒಬ್ಬನನ್ನ ಬಿಟ್ಟು. ಅವನು ಗ್ಲಾಸಿನ ತಳದಲ್ಲಿ ಏನೋ ಬಿದ್ದಿದೆ ಅನ್ನೋ ಹಾಗೆ ನೋಡ್ತಾ ಕೂತ.

ಆ ಮೌನ ನನಗೆ ಗೊತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ಯಲಹಂಕದಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೆ. ಒಬ್ಬ ಯಜಮಾನರು ಬಹಳ ಮರ್ಯಾದಸ್ಥರು, ಕೂರಿಸಿ ಕಾಫಿ ಕೊಟ್ಟರು. ಕೆಲಸ ಎಲ್ಲಿ ಅಂದರು, ಹೇಳಿದೆ. ಸ್ವಂತ ಊರು ಯಾವುದು ಅಂದರು, ಹೇಳಿದೆ. ತಂದೆ ಹೆಸರು, ಹೇಳಿದೆ. ತಾತನ ಹೆಸರು, ಅದನ್ನೂ ಹೇಳಿದೆ. ಇನ್ನೂ ಅವರ ಲೆಕ್ಕ ಹೊಂದಿರಲಿಲ್ಲ. ಕೊನೆಗೆ ನಗುನಗುತ್ತಾ, "ಮನೆದೇವ್ರು ಯಾವುದಪ್ಪಾ?" ಅಂದರು. ಮನೆದೇವ್ರ ಹೆಸರು ಕೇಳಿದ ಮೇಲೆ ಅವರಿಗೆ ನೆನಪಾಯ್ತು, ಮನೆ ಆಗಲೇ ಯಾರೋ ನೆಂಟರಿಗೆ ಮಾತಾಗಿದೆ ಅಂತ. ಕಾಫಿ ಮಾತ್ರ ಚೆನ್ನಾಗಿತ್ತು. ನಮ್ಮ ಕಡೆ ಯಾರೂ ಜಾತಿ ಕೇಳಲ್ಲ ಸ್ವಾಮಿ, ಮನೆದೇವ್ರನ್ನ ಕೇಳ್ತಾರೆ.

ಅದಕ್ಕೇ "ಬರೀ ಕಾರ್ಟೂನ್ ಮಾಮ, ಟೈಂಪಾಸ್‌ಗೆ" ಅಂತ ಅಕ್ಕನ ಮಗ ಸಮಾಧಾನ ಹೇಳಿದ್ದು ನನಗೆ ಇಳಿಯಲಿಲ್ಲ. ಯಾರು ಬಲಶಾಲಿ ಅಂತ ಕೇಳೋದು ಆಟ. ಅವನು ಯಾರ ಮಗ, ಅದಕ್ಕೇ ಬಲಶಾಲಿ ಅನ್ನೋದು ಆ ಯಜಮಾನರ ಪ್ರಶ್ನೆ. ಜಪಾನಿನ ಹಡಗು ಹತ್ತಿ ಬಂದಿದೆ ಅಷ್ಟೇ.

ಇನ್ನೂ ದೊಡ್ಡ ತಮಾಷೆ ಏನಂದ್ರೆ, ಇವರು ಯಾವ ಕಥೆ ಹಿಡ್ಕೊಂಡು ವಂಶ ವಂಶ ಅಂತಾರೋ ಆ ಕಥೆಯಲ್ಲಿ ಹಂಗನ್ನೋರು ಯಾರು ಅಂತ ಇವರೇ ಮರೆತಿದಾರೆ. ಟೆನ್‌ರ್‍ಯೂಬಿತೊ. ಎಂಟುನೂರು ವರ್ಷದ ಹಿಂದೆ ಲೋಕದ ಸರ್ಕಾರ ಕಟ್ಟಿದ ರಾಜರ ವಂಶದವರು. ಅವರು ಬೀದಿಯಲ್ಲಿ ಬಂದ್ರೆ ಜನ ಮಂಡಿಯೂರಬೇಕು. ಸಾಮಾನ್ಯರು ಉಸಿರಾಡಿದ ಗಾಳಿ ತಮಗೆ ಸೋಕಬಾರದು ಅಂತ ತಲೆಗೆ ಗುಳ್ಳೆ ಹಾಕ್ಕೊಂಡು ತಿರುಗ್ತಾರೆ! ಇದನ್ನ ನೋಡಿ ಕರ್ನಾಟಕದವನೊಬ್ಬನಿಗೆ ಏನೂ ನೆನಪಾಗಲಿಲ್ಲ ಅಂದ್ರೆ ಅವನು ಕಣ್ಣು ಮುಚ್ಕೊಂಡು ನೋಡಿರಬೇಕು. ಸಬಾವೋಡಿಯಲ್ಲಿ ಆ ವಂಶದವನೊಬ್ಬನ ಮುಖಕ್ಕೆ ಲೂಫಿ ಗುದ್ದಿದಾಗ ಇದೇ ಹುಡುಗರು ಶಿಳ್ಳೆ ಹೊಡೆದಿದ್ದು. ಈಗ ಟೀ ಅಂಗಡಿಯಲ್ಲಿ ಕೂತು ಗುದ್ದಿಸಿಕೊಂಡವನ ವಾದ ಮಾಡ್ತಾರೆ.

ವಂಶದಿಂದ ಬಲ ಬರೋದೇ ನಿಜ ಆಗಿದ್ರೆ ನೂರು ಜನ ಕೌರವರದ್ದೂ ಒಂದೇ ವಂಶ. ನಿಮಗೆ ಎಷ್ಟು ಜನರ ಹೆಸರು ಬರುತ್ತೆ? ನನಗೆ ಮೂರು. ಆದ್ರೆ ವಂಶದ ವಾದಕ್ಕೆ ಸೋಲೇ ಇಲ್ಲ, ಯಾಕಂದ್ರೆ ಅದು ಗೆದ್ದವನನ್ನ ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತೆ. 1977ರ 'ಬಭ್ರುವಾಹನ' ನೋಡಿರ್ತೀರಿ. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್, ಯಾರ ಕಡೆ ಶಿಳ್ಳೆ ಹೊಡೀಬೇಕು ಅಂತ ಜನಕ್ಕೇ ಗೊಂದಲ. ಹುಟ್ಟಿನ ಮೇಲೆ ಅನುಮಾನಪಟ್ಟ ಅಪ್ಪನಿಗೆ ಮಗ ಬಾಣದಲ್ಲೇ ಉತ್ತರ ಕೊಡೋ ಕಥೆ ಅದು. ಅಂಥದ್ದನ್ನ ನೋಡಿ ಎದ್ದು ಬಂದ ನಮ್ಮ ಚಿಕ್ಕಪ್ಪ ಏನಂದ ಗೊತ್ತಾ? "ಅರ್ಜುನನ ಮಗ ಅಲ್ವೇನ್ಲಾ, ಗೆಲ್ದೆ ಇರ್ತಾನಾ?" ಇಡೀ ಸಿನಿಮಾ ನೀರು ಪಾಲು.

ಈ ಹಿಂದಕ್ಕೆ ಹಾಕೋ ಲೆಕ್ಕ ನೋಡಬೇಕು ಅಂದ್ರೆ ಇದೇ ಬಳ್ಳಾರಿ ರೋಡು ಹಿಡಿದು ದೇವನಹಳ್ಳಿಗೆ ಹೋಗಿ. 1749ರಲ್ಲಿ ಮೈಸೂರಿನ ಸೈನ್ಯ ಆ ಕೋಟೆಗೆ ಮುತ್ತಿಗೆ ಹಾಕಿದಾಗ ಅದರಲ್ಲಿ ಹೈದರ್ ಅನ್ನೋ, ಓದು ಬರಹ ಇಲ್ಲದ ಸಿಪಾಯಿ ಒಬ್ಬ ಇದ್ದ. ಅಲ್ಲಿ ತೋರಿಸಿದ ಧೈರ್ಯಕ್ಕೆ ಮೇಲಿನವರ ಕಣ್ಣಿಗೆ ಬಿದ್ದ. ಮುಂದಿನದು ನಿಮಗೇ ಗೊತ್ತು. ರಾಜ್ಯವೇ ಅವನ ಕೈಗೆ ಬಂದ ಮೇಲೆ, ಅವನ ಚರಿತ್ರೆ ಬರೆದವರು ಮನೆತನವನ್ನ ತಗೊಂಡುಹೋಗಿ ಅರಬ್ ದೇಶದ ಕುರೇಶಿ ಕುಲಕ್ಕೆ ಕಟ್ಟಿದರು. ಹೊಯ್ಸಳರೂ ಅಷ್ಟೇ. ಮಲೆನಾಡಿನ ನಾಯಕರಾಗಿ ಮೇಲೆದ್ದವರು, 'ಮಲೆಪರೊಳ್ ಗಂಡ' ಅಂತ ಬಿರುದು ಇಟ್ಕೊಂಡವರು. ಸಾಮ್ರಾಜ್ಯ ಆದ ಮೇಲೆ ಶಾಸನಗಳಲ್ಲಿ ನೋಡಿದ್ರೆ ಯದುಕುಲ! ಕತ್ತಿ ಮೊದಲು, ವಂಶಾವಳಿ ಆಮೇಲೆ.

ಜೋರೊದೂ ಇದೇ ಕಥೆ. ಚಿಕ್ಕವನಿದ್ದಾಗ ಕುಯಿನಾ ಅನ್ನೋ ಹುಡುಗಿ ಕೈಲಿ 2001 ಸಲ ಸೋತವನು. ಎಣಿಸಿಟ್ಟಿದ್ದಾರೆ, 2001. ಆಗ ಎಲ್ಲಿ ಹೋಗಿತ್ತು ರಕ್ತ? ಹಲ್ಲಲ್ಲಿ ಕತ್ತಿ ಕಚ್ಚಿ, ಮೈತುಂಬ ಹೊಲಿಗೆ ಹಾಕಿಸಿಕೊಂಡು, ನೂರು ಸಂಪುಟ ದಾಟಿದ ಮೇಲೆ, 2023ರಲ್ಲಿ 105ನೇ ಸಂಪುಟದ ಓದುಗರ ಪ್ರಶ್ನೋತ್ತರದ ಅಂಕಣದಲ್ಲಿ ಓಡಾ ಅವನ ಅಜ್ಜಿ ಯಾರು ಅಂತ ಬಿಡಿಸಿ ಹೇಳಿದ. ಒಂದು ಪುಟದ ಮೂಲೆಯ ಉತ್ತರ. ಮಾರನೇ ದಿನದಿಂದ ಈ ಹುಡುಗರಿಗೆ ಇಪ್ಪತ್ತೈದು ವರ್ಷದ ಬೆವರು ಮರೆತುಹೋಯ್ತು, ಅಜ್ಜಿ ಮಾತ್ರ ನೆನಪಲ್ಲಿ ಉಳಿದಳು.

ತಲೆದಂಡದ ಮೊತ್ತ ಹಿಡಿದು ಬಲ ಅಳೆಯೋರೂ ಇದಾರೆ, ಅವರದು ಇನ್ನೊಂದು ಅವಸ್ಥೆ. ಲೂಫಿ ತಲೆಗೆ 300 ಕೋಟಿ ಬೆರಿ, ಬಗ್ಗಿ ಅನ್ನೋ ಜೋಕರ್ ತಲೆಗೆ 318 ಕೋಟಿ ಚಿಲ್ಲರೆ. ಎಂಟು ವರ್ಷದ ರಾಬಿನ್‌ಗೆ 7 ಕೋಟಿ 90 ಲಕ್ಷ ಕಟ್ಟಿದ್ದು ಅವಳು ಓದಬಾರದ ಲಿಪಿ ಓದ್ತಾಳೆ ಅಂತ. ಹಡಗಿನ ಡಾಕ್ಟರು ಚಾಪರ್‌ನ ಸಾಕುಪ್ರಾಣಿ ಅಂದ್ಕೊಂಡು 50 ಬೆರಿ ಇಟ್ಟಿತು ಸರ್ಕಾರ. ಅದು ಸರ್ಕಾರಕ್ಕಿರೋ ಭಯದ ಲೆಕ್ಕ, ತೋಳಿನ ಲೆಕ್ಕ ಅಲ್ಲ.

ಕಥೆಯ ಒಳಗಿರೋರು ತಮ್ಮ ರಕ್ತದ ಬಗ್ಗೆ ಏನಂತಾರೆ, ಅದನ್ನೂ ಸ್ವಲ್ಪ ಕೇಳ್ರಪ್ಪಾ. ಏಸ್ ಅನ್ನೋ ಹುಡುಗ ಕಡಲ್ಗಳ್ಳರ ರಾಜ ರೋಜರ್‌ನ ಮಗ. ಅವನು ಹುಟ್ಟೋ ಮೊದಲೇ ಸರ್ಕಾರ ಬಸುರಿಯರನ್ನ, ಕೂಸುಗಳನ್ನ ಹುಡುಕಿ ಹುಡುಕಿ ಬೇಟೆ ಆಡಿತ್ತು. ಬೆಳೆದ ಹುಡುಗ ಕೇಳಿದ ಪ್ರಶ್ನೆ ಒಂದೇ: ನಾನು ಹುಟ್ಟಬಾರದಾಗಿತ್ತಾ ಅಂತ. ದೊಡ್ಡ ವಂಶ ಅವನಿಗೆ ಕೊಟ್ಟಿದ್ದು ಈ ಪ್ರಶ್ನೆ, ಕೊನೆಗೊಂದು ವಧಾಸ್ಥಾನ. ಅವನಿಗೆ ಮಗನೇ ಅಂದವನು ವೈಟ್‌ಬಿಯರ್ಡ್, ರಕ್ತಸಂಬಂಧ ಏನೂ ಇಲ್ಲದ ಮುದುಕ. ಸಾಂಜಿಯನ್ನ ನೋಡಿ. ಅವನಪ್ಪ ಜಡ್ಜ್ ಒಬ್ಬ ರಾಜ. ಅಣ್ಣತಮ್ಮಂದಿರ ಹಾಗೆ ಶಕ್ತಿ ಬರಲಿಲ್ಲ ಅಂತ ಹೆತ್ತ ಮಗನ ಮುಖಕ್ಕೇ ಕಬ್ಬಿಣದ ಮುಖವಾಡ ಹಾಕಿ ನೆಲಮಾಳಿಗೆಯಲ್ಲಿ ಕೂಡಿಟ್ಟವನು. ಸಾಂಜಿಯನ್ನ ಸಾಕಿದ್ದು ಜೆಫ್ ಅನ್ನೋ ಅಡುಗೆಯವನು. ವಾನೋ ದೇಶದ ಯುದ್ಧದಲ್ಲಿ ಅಪ್ಪನ ಮನೆಯ ಆ ಶಕ್ತಿ ತಾನಾಗಿ ಮೈಯಲ್ಲಿ ಏಳೋಕೆ ಶುರುವಾದಾಗ ಅವನು ಕುಣಿದಾಡಲಿಲ್ಲ, ಹೆದರಿದ. ಆ ಮನೆತನದ ಸೂಟನ್ನ ಒಡೆದು ಹಾಕಿದ, ನನ್ನ ಮನಸ್ಸು ಕಲ್ಲಾದ್ರೆ ನನ್ನ ಕೊಂದುಬಿಡು ಅಂತ ಜೋರೊಗೆ ಹೇಳಿದ. ಈ ಹುಡುಗರು ಮಾತ್ರ "ಸೂಪರ್ ಅಪ್‌ಗ್ರೇಡ್ ಮಗಾ" ಅಂತಾರೆ.

ಈಗ ನನ್ನ ವಾದದ ತೂತನ್ನ ನಾನೇ ತೋರಿಸಿಬಿಡ್ತೀನಿ, ಇಲ್ದಿದ್ರೆ ಅಕ್ಕನ ಮಗ ತೋರಿಸ್ತಾನೆ. ಓಡಾನೇ ನನ್ನ ಕೈ ಬಿಟ್ಟಿದಾನೆ. ಯಾವುದೋ ಹಳ್ಳಿಯ ಹುಡುಗ ಅಂದ್ಕೊಂಡಿದ್ದ ಲೂಫಿಗೆ ಒಬ್ಬ ವೀರ ತಾತ, ಲೋಕವೇ ಹುಡುಕ್ತಾ ಇರೋ ಕ್ರಾಂತಿಕಾರಿ ಅಪ್ಪ. ಹೆಸರಿನ ನಡುವೆ ಒಂದು ನಿಗೂಢ 'ಡಿ'. ಸಾಲದು ಅಂತ 2022ರಲ್ಲಿ, 1044ನೇ ಅಧ್ಯಾಯದಲ್ಲಿ, ಅವನು ತಿಂದ ರಬ್ಬರ್ ಹಣ್ಣು ರಬ್ಬರ್ ಹಣ್ಣೇ ಅಲ್ಲ, ಸೂರ್ಯದೇವ ನಿಕಾನ ಹಣ್ಣು ಅಂತ ಹೇಳಿಬಿಟ್ಟ. ನಾನು ಆ ವಾರ ನಿಜಕ್ಕೂ ಬೇಜಾರು ಮಾಡ್ಕೊಂಡೆ. ಕರ್ಣನ ವಿಷಯದಲ್ಲೂ ನನಗೆ ಇದೇ ಬೇಜಾರು. ಸೂತಪುತ್ರ ಅಂತ ಅವಮಾನ ತಿಂದವನು ಕಡೆಗೆ ಸೂರ್ಯನ ಮಗನೇ ಆಗಬೇಕಿತ್ತಾ? ರಾಧೆಯ ಮಗನಾಗೇ ಉಳಿದಿದ್ರೆ ಏನು ಕಮ್ಮಿ ಆಗ್ತಿತ್ತು? ಅಲ್ಲೂ ಸೂರ್ಯ, ಇಲ್ಲೂ ಸೂರ್ಯ. ಕಥೆ ಹೇಳೋರಿಗೂ ಕೊನೇ ಘಳಿಗೆಯಲ್ಲಿ ಧೈರ್ಯ ಕೈ ಕೊಡುತ್ತೆ ಅಂತ ಕಾಣುತ್ತೆ.

ಆದ್ರೆ ಕರ್ಣ ಏನು ಮಾಡಿದ? ಗುಟ್ಟು ಗೊತ್ತಾದ ಮೇಲೂ ಗೆಳೆಯನ ಪಕ್ಕ ಬಿಟ್ಟು ಏಳಲಿಲ್ಲ. ಲೂಫಿಗೆ ಅಪ್ಪ ಯಾರು ಅಂತ ಗೊತ್ತಾದಾಗ ಸುತ್ತ ಇದ್ದವರೆಲ್ಲ ಬೆಚ್ಚಿಬಿದ್ದರು. ಅವನು ಮಾತ್ರ, ಇದರಲ್ಲೇನಿದೆ ಅನ್ನೋ ಹಾಗೆ ಮುಖ ಮಾಡ್ಕೊಂಡು ನಿಂತಿದ್ದ.

ಇಷ್ಟನ್ನೂ ಭಾನುವಾರ ಅಲ್ಲೇ ಹೇಳಿದೆ. ಎರಡನೇ ರೌಂಡ್ ಟೀಗೆ ನಾನೇ ದುಡ್ಡು ಕೊಟ್ಟಿದ್ದರಿಂದ ಕೇಳಿಸ್ಕೊಂಡರು. ಕೊನೆಗೆ ಮೀನುಮನುಷ್ಯರ ದ್ವೀಪದ ಕಥೆ ನೆನಪು ಮಾಡಿದೆ. ಮನುಷ್ಯರ ಗುಲಾಮಗಿರಿಯಲ್ಲಿ ನರಳಿದ ಫಿಶರ್ ಟೈಗರ್, ಮನುಷ್ಯರ ರಕ್ತ ನನ್ನ ಮೈಗೆ ಬೇಡ ಅಂತ ಅದನ್ನ ಏರಿಸ್ಕೊಳ್ಳದೆ ಸತ್ತ. ಆ ದ್ವೀಪದಲ್ಲಿ ಮನುಷ್ಯರಿಗೆ ರಕ್ತ ಕೊಡಬಾರದು ಅಂತ ಹಳೇ ಕಾನೂನೇ ಇತ್ತು. ಅಲ್ಲೇ, ಎಲ್ಲರ ಮುಂದೆ, ರಕ್ತ ಸೋರಿ ಬಿದ್ದಿದ್ದ ಲೂಫಿಗೆ ಜಿಂಬೆ ಕೈ ಚಾಚಿ ರಕ್ತ ಕೊಟ್ಟ. "ಬ್ಲಡ್ ಬ್ಲಡ್ ಅಂತೀರಲ್ಲೋ, ಅವನ ಮೈಯಲ್ಲಿ ಈಗ ಹರೀತಾ ಇರೋದರಲ್ಲಿ ಗಾರ್ಪ್‌ದೆಷ್ಟು, ಜಿಂಬೆದೆಷ್ಟು? ಬಗ್ಗಿಸಿ ಅಳೀರಿ ನೋಡೋಣ."

ಯಾರೂ ಮಾತಾಡಲಿಲ್ಲ. ಗ್ಲಾಸಿನ ತಳ ನೋಡ್ತಾ ಕೂತಿದ್ದ ಹುಡುಗ ತಲೆ ಎತ್ತಿದ. ಗೆದ್ದೆ ಅಂದ್ಕೊಂಡೆ. ಅವನು ಒಂದು ನಿಮಿಷ ಯೋಚನೆ ಮಾಡಿ, ಬಹಳ ಗಂಭೀರವಾಗಿ ಕೇಳಿದ:

"ಹಂಗಾದ್ರೆ ಅಣ್ಣ, ಮೀನಿನ ರಕ್ತ ಬಿದ್ಮೇಲೂ ಅವ್ನಿಗೆ ಈಜು ಯಾಕೆ ಬರ್ಲಿಲ್ಲ?"